ಕೀಲಿಕೈ ಗೊಂಚಲು ನನ್ನ ಮುಷ್ಟಿಯಲ್ಲಿತ್ತಂತೆ

ಸಿಕಂದರಾಬಾದಿನ ಆ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಗಂಡಸರ ಜನರಲ್ ವಾರ್ಡು. ಬಾಗಿಲಿನಿಂದ ಒಳಗೆ ಬಂದರೆ ಎಡಸಾಲಿನ ಕೊನೆಯ ಮಂಚ ಕಿಟಕಿಯ ಹತ್ತಿರ ಇತ್ತು. ಬೋನಾಲು ಹಬ್ಬದ ಮರುದಿನ, ಸೋಮವಾರ ಬೆಳಗ್ಗೆ, ರಾತ್ರಿಯವರು ಹಗಲಿನವರಿಗೆ ವಾರ್ಡು ಒಪ್ಪಿಸಿ ಮುಗಿಸಿದ ಹೊತ್ತಿನಲ್ಲಿ ನಾನು ಆ ಮಂಚಕ್ಕೂ ಪಕ್ಕದ ಮಂಚಕ್ಕೂ ನಡುವೆ ನಿಂತಿದ್ದೆ. ಎಡಗೈಯಲ್ಲಿ ಸ್ಟೀಲಿನ ಟ್ರೇ. ಅದರಲ್ಲಿ ಔಷಧಿ ತುಂಬಿದ ಸಿರಿಂಜು, ಹತ್ತಿ, ಸ್ಪಿರಿಟ್ಟಿನ ಶೀಶೆ. ಮಂಚದ ಮೇಲೆ ಸಾಬಣ್ಣ, ಯಾದಗಿರಿ ಕಡೆಯ ಗಾರೆ ಕೆಲಸದವನು, ಕೀವಾಗಿ ಬಾತ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟುಕೊಂಡು ಮಲಗಿದ್ದ. ಕೆಳಗೆ ರಸ್ತೆಯಲ್ಲಿ ಹಬ್ಬದ ಡಪ್ಪು ಬಡಿಯುವ ಸದ್ದು ಹೋಗುತ್ತಿತ್ತು. ನಾನು ಅವನ ಹೆಸರು ಕೇಳಿದೆ. ಗೊತ್ತಿದ್ದರೂ ಪ್ರತಿ ಸಲ ಕೇಳಬೇಕು, ಅದು ಇಂಜೆಕ್ಷನ್ ಕೊಡುವ ಕ್ರಮ. ಅವನು "ಸಾಬಣ್ಣ" ಎಂದ.

ಇಷ್ಟು ನನಗೆ ಗೊತ್ತು. ಇದಾದ ಮೇಲೆ ನನಗೆ ಗೊತ್ತಿರುವುದು ವಾರ್ಡಿನ ಚಾವಣಿ ಮತ್ತು ಅಲ್ಲಿ ತಿರುಗುತ್ತಿದ್ದ ಫ್ಯಾನು. ನಡುವಿನದನ್ನು ನಾನು ನೋಡಿಲ್ಲ. ನೋಡಿದವರನ್ನು ಕೇಳಿ, ಅವರು ಹೇಳಿದ್ದನ್ನು ಜೋಡಿಸಿಕೊಂಡಿದ್ದೇನೆ. ಯಾವ ಮಾತು ಯಾರದು ಎಂಬುದನ್ನು ಬೆರೆಸದೆ ಹೇಳಲು ಪ್ರಯತ್ನಿಸುತ್ತೇನೆ.

ಮೂರ್ಛೆ ನನಗೆ ಮೊದಲ ಸಲ ಬಂದದ್ದು ಗುಲ್ಬರ್ಗಾದಲ್ಲಿ, ನರ್ಸಿಂಗ್ ಓದುತ್ತಿದ್ದಾಗ. ಹಾಸ್ಟೆಲಿನ ಊಟದ ಮನೆಯಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದವನು ಬಿದ್ದೆ. ಎಚ್ಚರವಾದಾಗ ಮೂಗಿನಲ್ಲಿ ಯಾರದೋ ಚಪ್ಪಲಿಯ ವಾಸನೆ ಇತ್ತು. ಸುತ್ತ ನಿಂತವರೆಲ್ಲ ನರ್ಸಿಂಗ್ ಹುಡುಗರೇ. ಮೂರ್ಛೆ ಬಂದವರನ್ನು ಮಗ್ಗುಲಿಗೆ ಹೊರಳಿಸಬೇಕು, ಬಾಯಿಗೂ ಕೈಗೂ ಏನೂ ಕೊಡಬಾರದು, ಮೂಗಿಗೆ ಏನೂ ಹಿಡಿಯಬಾರದು ಎಂದು ಅವರೂ ನಾನೂ ಪರೀಕ್ಷೆಯಲ್ಲಿ ಒಂದೇ ಉತ್ತರ ಬರೆದಿದ್ದೆವು. ಚಪ್ಪಲಿ ಹಿಡಿದದ್ದು ಅಡುಗೆಯವನಾದರೂ ತಡೆದವರು ಯಾರೂ ಇರಲಿಲ್ಲ.

ಎರಡನೆಯದು ಸೇಡಂನಲ್ಲಿ, ಮನೆಯ ಅಂಗಳದಲ್ಲಿ, ಅವ್ವನ ಕಣ್ಣೆದುರು ಬಂತು. ಅದಾದ ಮೇಲೆ ಅವ್ವ ದರ್ಗಾಕ್ಕೆ ಕರೆದುಕೊಂಡು ಹೋಗಿ ತೋಳಿಗೆ ತಾಯತ ಕಟ್ಟಿಸಿದಳು. ಅಲ್ಲಿಂದ ಬರುವಾಗ ಟಂಟಂ ಗಾಡಿಯಲ್ಲಿ ಬೇರೆ ಯಾರೂ ಇಲ್ಲದ್ದನ್ನು ನೋಡಿಕೊಂಡು ಕೇಳಿದಳು: "ಮಂದಿ ಬ್ಯಾನಿ ನೋಡೂ ಕೆಲಸ ಹಿಡದಿ. ನಿನ್ನ ಬ್ಯಾನಿ ಯಾರ ನೋಡಬೇಕೋ ಶರಣಾ?" ಮುಖ ಹೊರಗೆ ಮಾಡಿ ತೊಗರಿ ಹೊಲಗಳನ್ನು ನೋಡುತ್ತ ಕೂತಳು.

ನನ್ನ ಅಣ್ಣ ಆಗಲೇ ಹೈದರಾಬಾದಿನ ಬಾಲಾನಗರದಲ್ಲಿ ಲೇತ್ ಮಷೀನಿನ ಕೆಲಸದಲ್ಲಿದ್ದ. ಅವನೇ ಬಂದು ಪ್ಯಾಸೆಂಜರ್ ರೈಲಿನಲ್ಲಿ ಕರೆದುಕೊಂಡು ಹೋಗಿ, ಸರಕಾರಿ ದವಾಖಾನೆಯ ನರರೋಗ ವಿಭಾಗದಲ್ಲಿ ತೋರಿಸಿದ. ಆ ವಿಭಾಗದ ಹೊರಗಿನ ಕಾರಿಡಾರಿನಲ್ಲಿ ನಾನು ಕೂತಷ್ಟು ಹೊತ್ತು ಯಾವ ಶಾಲೆಯ ಬೆಂಚಿನ ಮೇಲೂ ಕೂತಿಲ್ಲ ಅನ್ನಿಸುತ್ತದೆ. ಅಲ್ಲಿ ರೋಗಿ ಯಾರು, ಜೊತೆಗೆ ಬಂದವರು ಯಾರು ಎಂದು ಗುರುತಿಸುವುದು ಸುಲಭ. ಜೊತೆಗೆ ಬಂದವರ ಒಂದು ಕೈ ಯಾವಾಗಲೂ ರೋಗಿಯ ತೋಳಿನ ಹತ್ತಿರ, ಮುಟ್ಟದೆ, ಮುಟ್ಟಲು ಸಿದ್ಧವಾಗಿ ಇರುತ್ತದೆ. ಅಣ್ಣನ ಕೈಯೂ ಹಾಗೆಯೇ ಇತ್ತು. ಉಗುರುಗಳ ಸುತ್ತ ಮಷೀನಿನ ಎಣ್ಣೆಯ ಕಪ್ಪು.

ಒಬ್ಬನೇ ಬಂದಿದ್ದವನು ಒಬ್ಬ ಮಾತ್ರ, ನನ್ನ ವಯಸ್ಸಿನವನು. ಕಂಪನಿಯ ಗುರುತಿನ ಕಾರ್ಡನ್ನು ಅಂಗಿಯ ಜೇಬಿಗೆ ಮಡಚಿ ಹಾಕಿಕೊಂಡಿದ್ದ. ನಾವು ಕನ್ನಡ ಮಾತಾಡುವುದನ್ನು ಕೇಳಿ ಹತ್ತಿರ ಸರಿದು ಕೂತ. ಮೈಸೂರಿನವನು, ಮಾದಾಪುರದ ಕಡೆ ಸಾಫ್ಟ್‌ವೇರ್ ಕೆಲಸ. ಆ ವರ್ಷಗಳಲ್ಲಿ ಅಲ್ಲಿ ಬಂಡೆ ಒಡೆದು ಗಾಜಿನ ಕಟ್ಟಡಗಳು ಏಳುತ್ತಿದ್ದವು. ವೀಸಾ ಕೆಲಸ ಇದೆ ಎಂದು ಆಫೀಸಿನಲ್ಲಿ ಸುಳ್ಳು ಹೇಳಿ ಬಂದಿದ್ದಾನಂತೆ. ನಾನು ನರ್ಸ್ ಆಗುವವನೆಂದು ತಿಳಿದು ಜೇಬಿನ ಕಾರ್ಡನ್ನು ಇನ್ನಷ್ಟು ಒಳಗೆ ತಳ್ಳಿದ. ಆಮೇಲೆ, "ಕೆಲಸ ಸಿಕ್ಕಾಗ ಯಾರಿಗೂ ಹೇಳ್ಬೇಡಿ ಸಾರ್. ಹೇಳಿದ ದಿನದಿಂದ ನೀವು ಮನುಷ್ಯ ಅಲ್ಲ, ಬರೀ ಫಿಟ್ಸ್," ಎಂದ. ಅವನ ಹೆಸರು ಕರೆದರು. ಎದ್ದು ಹೋದ. ಮತ್ತೆ ಅವನನ್ನು ನೋಡಲಿಲ್ಲ.

ತಲೆಗೆಲ್ಲ ಅಂಟು ಹಚ್ಚಿ, ತಂತಿಗಳನ್ನು ಸಿಕ್ಕಿಸಿ, ಕಾಗದದ ಮೇಲೆ ಗೀರು ತೆಗೆದರು. ಆ ಅಂಟು ಕೂದಲಿನಿಂದ ಬಿಡಲು ಎರಡು ಸ್ನಾನ ಬೇಕಾಯಿತು. ಡಾಕ್ಟರು ವಯಸ್ಸಾದ ಹೆಂಗಸು. ಗೀರುಗಳನ್ನು ನೋಡುತ್ತಲೇ ಮಾತಾಡಿದರು. ಗುಳಿಗೆ ತಪ್ಪಿಸಬಾರದು, ನಿದ್ದೆ ಕೆಡಬಾರದು, ಕೆಲಸ ಮಾಡುವ ಜಾಗದಲ್ಲಿ ಒಬ್ಬರಿಗಾದರೂ ತಿಳಿಸಿರಬೇಕು. ಮೈಸೂರಿನವನು ಹೇಳಿದ್ದರ ತದ್ವಿರುದ್ಧ ಮಾತು. ಮೂರ್ಛೆ ಬರುವ ಮುಂಚೆ ಏನಾದರೂ ಸುಳಿವು ಸಿಗುತ್ತದೆಯೇ ಎಂದು ಕೇಳಿದರು. ಒಮ್ಮೊಮ್ಮೆ ಹೊಟ್ಟೆಯೊಳಗಿಂದ ಏನೋ ಮೇಲೇರಿ ಬಂದಂತೆ ಆಗುತ್ತದೆ, ಒಮ್ಮೊಮ್ಮೆ ಏನೂ ಇಲ್ಲ ಎಂದೆ. ಆದಾಗ ಕೂಡಲೇ ನೆಲಕ್ಕೆ ಕೂತುಬಿಡು, ಕೈಯಲ್ಲಿ ಏನಿದ್ದರೂ ಕೆಳಗಿಡು ಎಂದರು.

ಗುಳಿಗೆಗಳಿಂದ ಮೂರ್ಛೆ ನಿಂತಿತು. ಅದರ ಬದಲಿಗೆ ಒಂದು ದಣಿವು ಬಂತು. ಅದನ್ನು ಹೇಗೆ ಹೇಳುವುದೆಂದು ಇಂದಿಗೂ ತಿಳಿಯದು. ನೀರಿನಲ್ಲಿ ನಡೆದಂತೆ ಇರುತ್ತಿತ್ತು. ವಸಡು ಬಾತು ಹಲ್ಲುಜ್ಜಿದರೆ ರಕ್ತ ಬರುತ್ತಿತ್ತು. ಗೊತ್ತಿರುವ ಹೆಸರುಗಳು ಬಾಯಿಗೆ ಬರಲು ತಡವಾಗುತ್ತಿದ್ದವು. ಮಂದಿ ಅದನ್ನು ಸೋಮಾರಿತನ ಎಂದುಕೊಂಡರು. ನಾನೂ ಕೆಲವು ದಿನ ಹಾಗೆಯೇ ಅಂದುಕೊಂಡೆ.

ಬಾಲಾನಗರದಲ್ಲಿ ಅಣ್ಣನ ಎರಡು ಕೋಣೆಯ ಮನೆಯಲ್ಲಿ ಉಳಿದುಕೊಂಡು ಕೆಲಸ ಹುಡುಕಿದೆ. ವೈನಿ, ಅಣ್ಣನ ಹೆಂಡತಿ, ನನಗೆ ಹೊತ್ತಿಗೆ ಸರಿಯಾಗಿ ರೊಟ್ಟಿ ಹಾಕುತ್ತಿದ್ದಳು, ಗುಳಿಗೆ ನೆನಪಿಸುತ್ತಿದ್ದಳು. ಅವರ ಮಗುವಿಗೆ ಆಗ ಹಲ್ಲು ಮೂಡುತ್ತಿತ್ತು. ನಾನು ಅದನ್ನು ಎತ್ತಿಕೊಂಡರೆ ವೈನಿ ಒಳಗಿನಿಂದ ಬಂದು, "ಹಾಲ ಕುಡ್ಯೂ ಹೊತ್ತಾತು" ಎಂದು ತೆಗೆದುಕೊಂಡು ಹೋಗುತ್ತಿದ್ದಳು. ಮಗು ದಿನವಿಡೀ ಹಾಲು ಕುಡಿಯುವುದಿಲ್ಲ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ಆಮೇಲೆ ನಾನು ಎತ್ತಿಕೊಳ್ಳುವುದನ್ನು ಬಿಟ್ಟೆ. ಕೂತಲ್ಲಿಂದಲೇ ಆಡಿಸುತ್ತಿದ್ದೆ.

ಸಿಕಂದರಾಬಾದಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ನಗರದಲ್ಲಿ ದೊಡ್ಡ ದೊಡ್ಡ ಆಸ್ಪತ್ರೆಗಳು ಏಳುತ್ತಿದ್ದವು. ನಮ್ಮಂಥ ಹಳೆಯ ಆಸ್ಪತ್ರೆಗಳ ನರ್ಸುಗಳು ಅಲ್ಲಿಗೆ, ಅಲ್ಲಿಂದ ದುಬೈಗೆ, ಮುಂದೆ ಲಂಡನ್ನಿಗೆ ಹೋಗುತ್ತಿದ್ದರು. ಹಾಗಾಗಿ ಹೊಸಬರನ್ನು ಹೆಚ್ಚು ಪ್ರಶ್ನೆ ಕೇಳದೆ ತೆಗೆದುಕೊಳ್ಳುತ್ತಿದ್ದರು. ಗಂಡು ನರ್ಸನ್ನು ಎಲ್ಲರೂ ಬ್ರದರ್ ಎನ್ನುತ್ತಾರೆ. ನಾನೂ ಬ್ರದರ್ ಆದೆ. ವಾರ್ಡಿನ ಮುಖ್ಯಸ್ಥೆ ಸುಲೋಚನಾ ಸಿಸ್ಟರ್ ಬೀದರಿನವರು. ಮೊದಲ ದಿನವೇ, ಬಟ್ಟೆ ಇಡುವ ಕೋಣೆಯಲ್ಲಿ ಚಾದರ ಮಡಚುತ್ತಿದ್ದಾಗ ಅವರಿಗೆ ಹೇಳಿದೆ. ಅವರು ಮಡಚುವುದನ್ನು ನಿಲ್ಲಿಸಲಿಲ್ಲ.

"ಯಾವ ಕಡಿ ಬೀಳ್ತಿ?"

"ಗೊತ್ತಿಲ್ರಿ ಸಿಸ್ಟರ್. ನನಗ ನೆನಪ ಇರಂಗಿಲ್ಲ."

"ನೋಡಿದವರನ್ನ ಕೇಳಿಲ್ಲೇನು? ಕೇಳು. ಬೀಳೂದು ನಿಂದು, ಹಿಡಿಯೂದು ನಮ್ದು ಅದ. ನಮಗ ಗೊತ್ತಿರಬೇಕು."

ಆ ದಿನದಿಂದ ಮೆಟ್ಟಿಲ ಮೇಲೆ ಭಾರದ ಸಾಮಾನು ಹೊರುವ ಕೆಲಸ ನನಗೆ ಬರಲಿಲ್ಲ. ರಾತ್ರಿ ಪಾಳಿಯೂ ಬರಲಿಲ್ಲ. ಯಾಕೆ ಎಂದು ಅವರು ಯಾರಿಗೂ ಹೇಳಲಿಲ್ಲ. ಆ ವಾರ್ಡಿನಲ್ಲಿ ನನಗೆ ಕೆಲಸ ಹಿಡಿಸಿತು. ಹಾಸಿಗೆ ಹಿಡಿದವರಿಗೆ ಮೈ ಒರೆಸುವುದು, ನರ ಸಿಗದ ಕೈಯಲ್ಲಿ ನರ ಹುಡುಕುವುದು. ದಣಿವಿತ್ತು, ಆದರೆ ಅಲ್ಲಿ ಎಲ್ಲರೂ ದಣಿದವರೇ ಆಗಿದ್ದರಿಂದ ನನ್ನದು ಬೇರೆಯಾಗಿ ಕಾಣುತ್ತಿರಲಿಲ್ಲ.

ಬೋನಾಲು ಬಂತು. ಸಿಕಂದರಾಬಾದಿನಲ್ಲಿ ಆ ಭಾನುವಾರ ಹೆಂಗಸರು ತಲೆಯ ಮೇಲೆ ಅನ್ನದ ಗಡಿಗೆ ಹೊತ್ತು ಅಮ್ಮನವರ ಗುಡಿಗೆ ಹೋಗುತ್ತಾರೆ. ವಾರ್ಡಿನ ತೆಲುಗು ಮನೆಗಳವರೆಲ್ಲ ರಜೆ ಹಾಕಿದ್ದರು. ಹಬ್ಬ ಅವರದಲ್ಲದಿದ್ದರೂ ಸುಲೋಚನಾ ಸಿಸ್ಟರ್ ಕೂಡ ತಂಗಿಯ ಮನೆಗೆ ಹೋಗಿದ್ದರು. ಭಾನುವಾರ ಹಗಲು ಕೆಲಸ ಮಾಡಿದ ನನ್ನನ್ನು ಅಂದಿನ ಉಸ್ತುವಾರಿಯವರು ರಾತ್ರಿಗೂ ಉಳಿಯಲು ಹೇಳಿದರು. ಬದಲಿಗೆ ಬರಬೇಕಾದವನು ಬಂದಿರಲಿಲ್ಲ, ವಾರ್ಡು ತುಂಬಿತ್ತು. ಉಳಿದೆ. ಸೋಮವಾರ ಬೆಳಗ್ಗೆ ಸಿಸ್ಟರ್ ಬಂದವರು ನನ್ನ ಮುಖ ನೋಡಿ, ಯಾರು ನಿಲ್ಲಿಸಿದರು ಎಂದು ಕೇಳಿ ಸಿಟ್ಟಾದರು. ಸಾಬಣ್ಣನ ಇಂಜೆಕ್ಷನ್ ಒಂದು ಕೊಟ್ಟು ಮನೆಗೆ ಹೋಗಿ ಮಲಗು, ಉಳಿದದ್ದು ತಾನು ನೋಡಿಕೊಳ್ಳುತ್ತೇನೆ ಎಂದರು. ಹಾಗೆ ನಾನು ಟ್ರೇ ಹಿಡಿದು ಕಿಟಕಿಯ ಹತ್ತಿರ ಹೋದೆ.

ಮುಂದಿನದು ನೋಡಿದವರ ಮಾತು.

ಸುಲೋಚನಾ ಸಿಸ್ಟರ್ ಬಾಗಿಲ ಹತ್ತಿರದ ಮೇಜಿನ ಬಳಿ ಬೆನ್ನು ತಿರುಗಿಸಿ ನಿಂತಿದ್ದರು. ಸದ್ದಾಯಿತು, ತಿರುಗಿ ಓಡಿದರು. ನಾನು ಎರಡು ಮಂಚಗಳ ನಡುವೆ ನೆಲದ ಮೇಲೆ ಸೆಟೆದು ಬಿದ್ದಿದ್ದೆ. ಅವರು ನನ್ನ ತಲೆಯ ಕೆಳಗೆ ದಿಂಬು ಕೊಟ್ಟರು, ಮಂಚವನ್ನು ಆಚೆ ತಳ್ಳಿದರು, ಮಗ್ಗುಲಿಗೆ ಹೊರಳಿಸಿದರು. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಸೊಂಟದಲ್ಲಿದ್ದ ಕೀಲಿಕೈ ಗೊಂಚಲನ್ನು ತೆಗೆದು ನನ್ನ ಬಲಗೈಯಲ್ಲಿಟ್ಟು ಬೆರಳು ಮುಚ್ಚಿದರು. ಕಬ್ಬಿಣ ಹಿಡಿಸಿದರೆ ಮೂರ್ಛೆ ಇಳಿಯುತ್ತದೆ ಎನ್ನುವುದು ನಮ್ಮ ಕಡೆಯ ಎಲ್ಲ ಮನೆಗಳಲ್ಲೂ ಇರುವ ನಂಬಿಕೆ. ಅದು ಸುಳ್ಳು ಎಂದು ಎಷ್ಟೋ ಹೊಸ ನರ್ಸುಗಳಿಗೆ ಪಾಠ ಹೇಳಿದವರು ಅವರೇ.

ಡ್ಯೂಟಿ ಡಾಕ್ಟರ್ ಓಡಿ ಬಂದರು. ಸೆಳೆತ ನಿಂತಿರಲಿಲ್ಲ. ಅದನ್ನು ನಿಲ್ಲಿಸುವ ಇಂಜೆಕ್ಷನ್ ಕೇಳಿದರು. ಅಂಥ ಔಷಧಿಗಳನ್ನು ಬೀಗ ಹಾಕಿದ ಕಪಾಟಿನಲ್ಲಿ ಇಡುತ್ತಾರೆ. ಸಿಸ್ಟರ್ ಸೊಂಟಕ್ಕೆ ಕೈ ಹಾಕಿದರು. ಅಲ್ಲಿ ಕೀಲಿ ಇರಲಿಲ್ಲ. ಅದು ನನ್ನ ಮುಷ್ಟಿಯಲ್ಲಿತ್ತು, ಮುಷ್ಟಿ ಕಲ್ಲಿನಂತೆ ಬಿಗಿದಿತ್ತು. ಸಿಸ್ಟರ್ ಒಂದು ಕಡೆಯಿಂದ, ಆಯಾ ಯಾದಮ್ಮ ಇನ್ನೊಂದು ಕಡೆಯಿಂದ ನನ್ನ ಬೆರಳುಗಳನ್ನು ಬಿಡಿಸಲು ಒದ್ದಾಡಿದರು. ಬೆರಳು ಮುರಿದೀತೆಂದು ಡಾಕ್ಟರ್ ತಡೆದರು. ಕೆಳಗಿನ ವಾರ್ಡಿನಿಂದ ಔಷಧಿ ತರಲು ಒಬ್ಬರನ್ನು ಓಡಿಸಿದರು. ಅದು ಬರುವಷ್ಟರಲ್ಲಿ ಸೆಳೆತ ತಾನಾಗಿ ನಿಂತಿತು, ಮುಷ್ಟಿ ಸಡಿಲಾಯಿತು, ಗೊಂಚಲು ನೆಲಕ್ಕೆ ಬಿತ್ತು.

ಇದನ್ನು ಹೇಳಿದ್ದು ಸಿಸ್ಟರೇ. ವಾರ್ಡಿನ ಸ್ಟೂಲಿನ ಮೇಲೆ ಕೂತು, ನನ್ನ ಮುಖ ನೋಡದೆ ಹೇಳಿದರು: "ನನ್ನ ಕೈ ಸೊಂಟಕ್ಕ ಹೋತು, ಅಷ್ಟ. ಕೀಲಿ ಕೊಟ್ಟೀನಿ ಅಂತ ನನಗ ಗೊತ್ತಾಗಿದ್ದು ಡಾಕ್ಟರ್ ಔಷಧಿ ಕೇಳಿದ ಮ್ಯಾಲ. ನಮ್ಮಜ್ಜಿ ಕೈ ಅದು ಶರಣಪ್ಪ. ನಂದಲ್ಲ."

ಇನ್ನೊಬ್ಬಳು ನೋಡಿದವಳು ಪಕ್ಕದ ಮಂಚದ ರೋಗಿಯ ಹೆಂಡತಿ ನರಸಮ್ಮ, ತಾರ್ನಾಕದ ಕಡೆಯ ಮುದುಕಿ. ಅವಳ ಗಂಡ ರೈಲ್ವೆ ಹಳಿ ಕೆಲಸದಿಂದ ನಿವೃತ್ತನಾದವನು. ಎದೆಯಲ್ಲಿ ನೀರು ತುಂಬಿ ಉಸಿರಿಗೆ ಕಷ್ಟಪಡುತ್ತಿದ್ದ. ಬೋನಾಲಿನ ಮರುದಿನ ಗುಡಿಯಲ್ಲಿ ಅಮ್ಮನವರು ಒಬ್ಬ ಹೆಂಗಸಿನ ಮೈಮೇಲೆ ಬಂದು ಮುಂದಿನ ವರ್ಷದ ಭವಿಷ್ಯ ಹೇಳುತ್ತಾರೆ. ಜನ ಕಿಕ್ಕಿರಿದು ಕೇಳುತ್ತಾರೆ. ಗಂಡನನ್ನು ಬಿಟ್ಟು ಹೋಗಲಾಗದ ನರಸಮ್ಮನ ಮನಸ್ಸೆಲ್ಲ ಅಲ್ಲಿಯೇ ಇದ್ದಿರಬೇಕು. ನಾನು ಬಿದ್ದು ನಡುಗುವುದನ್ನು ಕಂಡು ಅವಳು ಎರಡೂ ಕೈ ಮುಗಿದು ನನ್ನ ತಲೆಯ ಹತ್ತಿರ ಕೂತಳಂತೆ. ಕೇಳಿದಳಂತೆ:

"ತಲ್ಲೀ, ಮಾ ಆಯನ ಇಂಟಿಕೊಸ್ತಡಾ?"

ತಾಯೀ, ನನ್ನ ಗಂಡ ಮನೆಗೆ ಬರುತ್ತಾನಾ ಎಂದು. ಇದನ್ನು ಕೇಳಿಸಿಕೊಂಡವರು ಯಾದಮ್ಮ ಮತ್ತು ಸಾಬಣ್ಣ. ನನ್ನ ಬಾಯಿಯಿಂದ ನೊರೆ ಬಿಟ್ಟರೆ ಬೇರೇನೂ ಬರಲಿಲ್ಲ ಎಂದು ಇಬ್ಬರೂ ಹೇಳಿದರು.

ನಾನು ಕಣ್ಣು ಬಿಟ್ಟಾಗ ನನ್ನ ವಾರ್ಡಿನಲ್ಲೇ ಖಾಲಿ ಮಂಚವೊಂದರಲ್ಲಿ ಮಲಗಿದ್ದೆ. ತಲೆ ಸಿಡಿಯುತ್ತಿತ್ತು, ನಾಲಿಗೆ ಕಚ್ಚಿಕೊಂಡಿದ್ದೆ. ಮೈಮೇಲೆ ರೋಗಿಗಳ ಹಸಿರು ಅಂಗಿ. ಪ್ಯಾಂಟು ಒದ್ದೆಯಾಗಿತ್ತೆಂದು, ಯಾದಮ್ಮ ಪರದೆ ಎಳೆದು ಬದಲಿಸಿದಳೆಂದು ಆಮೇಲೆ ತಿಳಿಯಿತು. ಅವಳು ಅದರ ಬಗ್ಗೆ ಯಾವತ್ತೂ ಮಾತೆತ್ತಲಿಲ್ಲ. ಆ ಬೆಳಗ್ಗೆ ನಾನು ಯಾರ ಮೈ ಒರೆಸಿದ್ದೆನೋ ಅವರೆಲ್ಲ ದಿಂಬಿನಿಂದ ತಲೆ ಎತ್ತಿ ನನ್ನನ್ನು ನೋಡುತ್ತಿದ್ದರು. ಬಲ ಅಂಗೈಯಲ್ಲಿ ಕೀಲಿಯ ಹಲ್ಲುಗಳು ಕೆಂಪಗೆ ಮೂಡಿದ್ದವು.

ಅಣ್ಣ ಕಾರ್ಖಾನೆಯ ಬಟ್ಟೆಯಲ್ಲೇ ಬಂದು ಮನೆಗೆ ಕರೆದುಕೊಂಡು ಹೋದ. ಮನೆಗೆ ಬಂದ ಮೇಲೆ ಹೇಳಿದ: ಅವನ ಗೆಳೆಯನ ತಮ್ಮ ಒಂದು ಕಂಪನಿಯಲ್ಲಿದ್ದಾನೆ, ಅಮೆರಿಕದ ಡಾಕ್ಟರುಗಳು ಹೇಳಿದ್ದನ್ನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿ ಟೈಪ್ ಮಾಡುವ ಕೆಲಸ, ಔಷಧಿಗಳ ಹೆಸರು ಗೊತ್ತಿದ್ದವರನ್ನೇ ಹುಡುಕುತ್ತಿದ್ದಾರೆ. "ಕಂಪ್ಯೂಟರ್ ಮುಂದ ಕುಂತು ಮಾಡೂ ಕೆಲಸ. ಅಲ್ಲಿ ಬಿದ್ರ ನೀ ಒಬ್ಬನ ಬೀಳ್ತಿ." ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೆ ಆ ಮಾತು ನನ್ನೊಳಗೆ ಕೂತುಬಿಟ್ಟಿತು. ನಾನು ಬಿದ್ದಾಗ ಸೂಜಿ ಸಾಬಣ್ಣನ ತೋಳಿನೊಳಗೆ ಇದ್ದಿದ್ದರೆ? ನಾಳೆ ಇನ್ನೊಬ್ಬರ ತೋಳಿನೊಳಗೆ ಇದ್ದರೆ?

ಆ ಮಧ್ಯಾಹ್ನ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದೆ. ವೈನಿ ಬಂದು ಮಗುವನ್ನು ನನ್ನ ಪಕ್ಕದಲ್ಲಿ ಮಲಗಿಸಿದಳು. ನಾನು ಅವಳನ್ನು ನೋಡಿದೆ. "ನೀ ನೆಲದ ಮ್ಯಾಲ ಇದ್ದಿ. ಇದಕ್ಕಿಂತ ಕೆಳಗ ಎಲ್ಲಿ ಬೀಳ್ತಿ," ಎಂದು ಸೆರಗಿನಿಂದ ಕೈ ಒರೆಸಿಕೊಂಡು ಅಡುಗೆಮನೆಗೆ ಹೋದಳು. ಮಗು ನನ್ನ ಬಾತ ಬೆರಳನ್ನು ಹಿಡಿದು ಬಾಯಿಗೆ ಹಾಕಿಕೊಂಡಿತು. ಹಾಗೆಯೇ ನಿದ್ದೆ ಬಂತು, ನನಗೂ ಅದಕ್ಕೂ.

ಎರಡು ದಿನ ಬಿಟ್ಟು ನರ್ಸಿಂಗ್ ಸೂಪರಿಂಟೆಂಡೆಂಟ್ ಏಲಿಯಮ್ಮ ಮೇಡಂ ಕರೆಸಿದರು. ಕೇರಳದವರು, ಹಿಂದಿಯಲ್ಲಿ ಮಾತಾಡುತ್ತಿದ್ದರು, ದನಿ ಎತ್ತುತ್ತಿರಲಿಲ್ಲ. ಸುಲೋಚನಾ ಸಿಸ್ಟರ್ ಆಗಲೇ ಅವರ ಮುಂದೆ ನಿಂತಿದ್ದರು. ಕೀಲಿಯ ವಿಷಯವನ್ನು ತಾವೇ ಹೇಳಿ ಮುಗಿಸಿದ್ದರು. ಮೇಡಂ ನನ್ನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದರು. ಬಿದ್ದಾಗ ನಿನ್ನ ಕೈಯಲ್ಲಿ ಏನಿತ್ತು?

ಗೊತ್ತಿಲ್ಲ ಎಂದೆ. ತಾನು ಬೆನ್ನು ಮಾಡಿ ನಿಂತಿದ್ದೆ ಎಂದು ಸಿಸ್ಟರ್ ಹೇಳಿದರು. ಏನು ಚೆಲ್ಲಿದೆ, ಏನು ಉಳಿದಿದೆ ಎಂದು ನೋಡದೆ ಎಲ್ಲವನ್ನೂ ಕಸಕ್ಕೆ ಹಾಕಿ ಸಾಬಣ್ಣನಿಗೆ ಹೊಸದಾಗಿ ಔಷಧಿ ತುಂಬಿದ್ದರಂತೆ. ಮೇಡಂ ಹೇಳಿದ್ದು ಇಷ್ಟು: ಬೀಳುವ ಮುಂಚೆ ನಿನಗೆ ತಿಳಿಯುತ್ತದೆ, ಕೈಯಲ್ಲಿದ್ದುದನ್ನು ಕೆಳಗಿಡುವಷ್ಟು ಹೊತ್ತು ಸಿಗುತ್ತದೆ ಎಂದಾದರೆ ಒಂದು ಮಾತು. ಇಲ್ಲವಾದರೆ ರೋಗಿಯ ಪಕ್ಕದಲ್ಲಿ ನಿನ್ನನ್ನು ನಿಲ್ಲಿಸಲಾರೆ, ದಾಖಲೆ ಕೋಣೆಯಲ್ಲಿ ಜಾಗ ಕೊಡುತ್ತೇನೆ. ಅವರು ಹೇಳಿದ್ದು ನ್ಯಾಯವಾಗಿತ್ತು. ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ.

ವಾರ್ಡಿಗೆ ಹೋದೆ. ಸಾಬಣ್ಣ ಇನ್ನೂ ಅದೇ ಮಂಚದಲ್ಲಿದ್ದ. ನನ್ನನ್ನು ಕಂಡು, "ಬರ್ರಿ ಸಾಹೇಬ್ರ, ಎದ್ದೀರೇನು?" ಎಂದು ನಕ್ಕ. ಕೇಳಿದೆ. ಅವನಿಗೆ ಎಲ್ಲ ನೆನಪಿತ್ತು. ಹೆಸರು ಕೇಳಿದ ಮೇಲೆ ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಂತೆನಂತೆ. ಆಮೇಲೆ "ತಡಿ" ಎಂದೆನಂತೆ. ಟ್ರೇಯನ್ನು ಅವನ ಕಾಲ ಬುಡದಲ್ಲಿ, ಹಾಸಿಗೆಯ ಮೇಲೆ ಮೆಲ್ಲಗೆ ಇಟ್ಟೆನಂತೆ. ಇಟ್ಟು, ಕೈ ಬಿಟ್ಟು, ಬಿದ್ದೆನಂತೆ. ಸದ್ದಾದದ್ದು ಸಲೈನ್ ಸ್ಟ್ಯಾಂಡು, ನನ್ನ ಭುಜ ತಾಗಿ ಉರುಳಿತು ಎಂದ.

ನನಗೆ ಎಷ್ಟು ಹಗುರವಾಯಿತೆಂದರೆ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಅಲ್ಲಿಂದ ಎದ್ದು ನರಸಮ್ಮನ ಹತ್ತಿರ ಹೋದೆ. ಅವಳ ಗಂಡನಿಗೆ ಆಮ್ಲಜನಕ ಹಾಕಿದ್ದರು. ಅವಳು ನನ್ನನ್ನು ಕಂಡು ಎದ್ದು ನಿಂತಳು. ನಾನು ಎಷ್ಟು ಹೇಳಿದರೂ ಕೂರಲಿಲ್ಲ. ಅವಳು ಹೇಳಿದ್ದು ಬೇರೆ. ಟ್ರೇ ನನ್ನ ಕೈಯಿಂದ ಜಾರಿ ನೆಲಕ್ಕೆ ಬಿದ್ದು ಠಣ್ ಎಂದಿತು. ಸೂಜಿ ನನ್ನ ಮೈ ಹತ್ತಿರಕ್ಕೆ ಉರುಳಿ ಬಂತು. ಅಮ್ಮನವರು ಬಂದ ಮೈಗೆ ಚುಚ್ಚಬಾರದೆಂದು ಅದನ್ನೂ ಟ್ರೇಯನ್ನೂ ಎತ್ತಿ ಸಾಬಣ್ಣನ ಹಾಸಿಗೆಯ ಮೇಲಿಟ್ಟವಳು ತಾನೇ. ಅವಳು ನಿಂತಿದ್ದಳು, ಎಚ್ಚರವಾಗಿದ್ದಳು, ನನ್ನ ಕಡೆಯೇ ನೋಡುತ್ತಿದ್ದಳು. ಸಾಬಣ್ಣ ಜ್ವರದಲ್ಲಿ ಮಲಗಿದ್ದ, ಕಾಲು ಎತ್ತಿಟ್ಟಿದ್ದರಿಂದ ಕಾಲ ಬುಡ ಅವನಿಗೆ ಕಾಣುತ್ತಿತ್ತೋ ಇಲ್ಲವೋ ನನಗೆ ತಿಳಿಯದು. ಅಲ್ಲದೆ ಅವನು ನಮ್ಮ ಕಡೆಯವನು. ನನ್ನ ಕೆಲಸ ಹೋಗಬಾರದೆಂದು ಹೇಳಿದನೋ, ಕಂಡದ್ದನ್ನೇ ಹೇಳಿದನೋ?

ಹೊರಡುವಾಗ ನರಸಮ್ಮ ಮೆಲ್ಲಗೆ ಹೇಳಿದಳು, ನೀನು ನನಗೆ ಉತ್ತರ ಕೊಡಲಿಲ್ಲ, ಮುಖ ಆಚೆ ತಿರುಗಿಸಿಕೊಂಡೆ ಎಂದು. ನಾನು ಅದು ರೋಗ ಅಮ್ಮಾ, ದೇವರಲ್ಲ ಎಂದು ಹೇಳಲು ಹೋದೆ. ಅವಳ ಮುಖ ನೋಡಿ ನಿಲ್ಲಿಸಿದೆ. ಗುರುವಾರ ಅವಳ ಗಂಡ ತೀರಿಕೊಂಡ. ಅವಳು ಅದೇ ದಿನ ಹೆಣದ ಜೊತೆ ಹೊರಟುಹೋದಳು.

ಶುಕ್ರವಾರ ಮೇಡಂ ಹತ್ತಿರ ಹೋಗಿ ಎರಡೂ ಮಾತು ಹೇಳಿದೆ. ನರಸಮ್ಮನ ಮಾತನ್ನು ನಾನು ಹೇಳದಿದ್ದರೆ ಹೇಳುವವರು ಅಲ್ಲಿ ಯಾರೂ ಉಳಿದಿರಲಿಲ್ಲ. ಧೈರ್ಯದಿಂದ ಹೇಳಿದೆ ಎಂದು ತಿಳಿಯಬಾರದು. ದಣಿದಿದ್ದೆ. ಒಂದು ಮಾತನ್ನು ಹೊರಗಿಟ್ಟು ಇನ್ನೊಂದನ್ನು ಬಚ್ಚಿಟ್ಟುಕೊಂಡು ದಿನ ಕಳೆಯುವ ಶಕ್ತಿ ನನ್ನಲ್ಲಿರಲಿಲ್ಲ. ಮೇಡಂ ಪೆನ್ನಿನ ಮುಚ್ಚಳ ಹಾಕಿ ಎದ್ದರು. ನನ್ನನ್ನೂ ಸಿಸ್ಟರನ್ನೂ ಕರೆದುಕೊಂಡು ನೇರವಾಗಿ ವಾರ್ಡಿಗೆ ಬಂದು ಸಾಬಣ್ಣನ ಮಂಚದ ಮುಂದೆ ನಿಂತರು. ಟ್ರೇಯ ವಿಷಯ ಕೇಳಲಿಲ್ಲ. ಈ ಬ್ರದರ್ ಕೈಯಿಂದ ಮತ್ತೆ ಇಂಜೆಕ್ಷನ್ ತೆಗೆದುಕೊಳ್ಳುತ್ತೀಯಾ ಎಂದು ಕೇಳಿದರು.

ಸಾಬಣ್ಣನಿಗೆ ಹಿಂದಿ ಅರ್ಥವಾಗುತ್ತಿತ್ತು, ಮಾತು ಬರುತ್ತಿದ್ದದ್ದು ಅಷ್ಟಕ್ಕಷ್ಟೆ. ಸಿಸ್ಟರ್ ಕಡೆ ತಿರುಗಿದ.

"ಮೇಡಂಗ ಹೇಳ್ರಿ ಸಿಸ್ಟರ್. ನಾ ಮಾದಾಪುರದಾಗ ಕಟಗಿ ಅಟ್ಟಣಿಗಿ ಮ್ಯಾಲ ನಿಂತು ಪ್ಲಾಸ್ಟರ್ ಮಾಡಾಂವ. ಭಾಳ ಎತ್ತರ. ಅಲ್ಲಿ ಯಾರ ಯಾವಾಗ ಬೀಳ್ತಾರ ಯಾರಿಗೂ ಗೊತ್ತಿಲ್ಲ. ಆದ್ರ ನನ್ನ ಬಾಜೂಕ ನಿಂತಾಂವಗ ಫಿಟ್ಸ್ ಬರತೈತಿ ಅಂತ ಗೊತ್ತಿದ್ರ ನಾ ಅವನ ಅಂಗಿ ಹಿಡಕೊಂಡ ಕೆಲಸ ಮಾಡತೀನಿ. ಅವನ್ನ ಕೆಳಗ ಇಳಸಂಗಿಲ್ಲ. ಇಳಸಿದ್ರ ಅವನ ಮನೀಗಿ ಯಾರ ಕೂಳ ಹಾಕಬೇಕು?" ಇಷ್ಟು ಹೇಳಿ ತೋಳು ಮುಂದೆ ಚಾಚಿದ. "ಇವತ್ತಿಂದು ಇನ್ನೂ ಆಗಿಲ್ಲ. ಚುಚ್ಚಲಿ. ನೀವು ಬಾಜೂ ನಿಂದರ್ರಿ."

ಸಿಸ್ಟರ್ ಹಿಂದಿಗೆ ತಿರುಗಿಸಿ ಹೇಳಿದರು. ಎಲ್ಲವನ್ನೂ ಹೇಳಿದರೋ, ಅರ್ಧವನ್ನೋ, ನನಗೆ ಕೇಳಿಸಲಿಲ್ಲ. ನಾನು ಆ ತೋಳನ್ನೇ ನೋಡುತ್ತಿದ್ದೆ. ಮೇಡಂ ಸಿಸ್ಟರಿಗೆ ಸನ್ನೆ ಮಾಡಿದರು. ಸಿಸ್ಟರ್ ನನ್ನ ಹಿಂದೆ ಬಂದು ನಿಂತರು. ನಾನು ಔಷಧಿ ತುಂಬಿ, ಟ್ರೇಯನ್ನು ಮಂಚದ ಪಕ್ಕದ ಕಪಾಟಿನ ಮೇಲಿಟ್ಟು, ಬರಿಗೈಯಲ್ಲಿ ಅವನ ಹೆಸರು ಕೇಳಿ, ಆಮೇಲೆ ಸಿರಿಂಜು ಎತ್ತಿಕೊಂಡೆ. ನನ್ನ ಅಂಗಿಯ ಬೆನ್ನನ್ನು ಸಿಸ್ಟರ್ ಹಿಡಿದಿದ್ದರು. ಔಷಧಿ ಪೂರ್ತಿ ಹೋಗುವವರೆಗೂ ಬಿಡಲಿಲ್ಲ.

ಮೇಡಂ ತೀರ್ಮಾನ ಅಲ್ಲೇ ಆಯಿತು. ಹಗಲು ಪಾಳಿ ಮಾತ್ರ. ಸೂಜಿ ಹಿಡಿಯುವಾಗ ಪಕ್ಕದಲ್ಲಿ ಇನ್ನೊಬ್ಬರು. ಆರು ತಿಂಗಳು ಹೀಗೆ, ಆಮೇಲೆ ನೋಡೋಣ. ಇದರಿಂದ ಉಳಿದವರ ಕೆಲಸ ಹೆಚ್ಚಿತು. ನನ್ನನ್ನು "ಹಗಲು ಬ್ರದರ್" ಎಂದು ಆಡಿಕೊಂಡರು. ಅದರಲ್ಲಿ ತಪ್ಪಿಲ್ಲ, ನನ್ನ ರಾತ್ರಿಗಳನ್ನು ಅವರೇ ಹೊತ್ತರು. ಅವರ ಹಬ್ಬದ ಹಗಲುಗಳನ್ನು ನಾನು ಹೊತ್ತೆ. ಅದು ಸಮ ಆಗಲಿಲ್ಲ ಎಂದು ನನಗೆ ಗೊತ್ತು.

ಇಂದಿಗೂ ನರ್ಸ್ ಕೆಲಸದಲ್ಲೇ ಇದ್ದೇನೆ. ಗುಳಿಗೆ ಬದಲಾಯಿತು, ದಣಿವು ಕಡಿಮೆಯಾಯಿತು, ಹೋಗಿಲ್ಲ. ಮನೆಯಲ್ಲಿ ಬಿದ್ದಿದ್ದೇನೆ, ಒಮ್ಮೆ ತಾರ್ನಾಕದ ಬಸ್ಸಿನಲ್ಲಿ ಬಿದ್ದಿದ್ದೇನೆ. ವಾರ್ಡಿನಲ್ಲಿ ಮತ್ತೆ ಬಿದ್ದಿಲ್ಲ. ಬೀಳುವುದಿಲ್ಲ ಎಂದು ಯಾರಿಗೂ ಮಾತು ಕೊಟ್ಟಿಲ್ಲ. ಟ್ರೇ ಕೆಳಗಿಟ್ಟೇ ಹೆಸರು ಕೇಳುತ್ತೇನೆ. ನನ್ನ ಕೈಕೆಳಗೆ ಕಲಿತ ಹುಡುಗಿಯರೂ ಹಾಗೆಯೇ ಮಾಡುತ್ತಾರೆ, ಅದೇ ಕ್ರಮ ಎಂದುಕೊಂಡಿದ್ದಾರೆ. ಯಾಕೆಂದು ಕೇಳಿದವರಿಗೆ ಹೇಳಿದ್ದೇನೆ. ಈ ರೋಗದೊಡನೆ ಈ ಕೆಲಸಕ್ಕೆ ಬರಬೇಕೋ ಬೇಡವೋ ಎಂದು ಕಾರಿಡಾರಿನ ಬೆಂಚಿನ ಮೇಲೆ ಕೂತು ಯೋಚಿಸುತ್ತಿರುವವರು ಇದನ್ನು ಓದುತ್ತಿದ್ದರೆ, ನನಗಾದದ್ದು ಇದು. ಅಂಗಿ ಹಿಡಿಯುವವರು ನನಗೆ ಸಿಕ್ಕರು. ಸಿಗದಿದ್ದರೆ ಏನಾಗುತ್ತಿತ್ತು ಎಂದು ನನಗೆ ಗೊತ್ತಿಲ್ಲ.

ಆ ಸೋಮವಾರ ನೋಡಿದವರಲ್ಲಿ ಯಾದಮ್ಮ ತೀರಿಕೊಂಡಿದ್ದಾಳೆ. ಡ್ಯೂಟಿ ಡಾಕ್ಟರ್ ಹೊರದೇಶಕ್ಕೆ ಹೋದರು, ಆಮೇಲಿನ ಸುದ್ದಿ ಗೊತ್ತಿಲ್ಲ. ನರಸಮ್ಮನನ್ನು ಹುಡುಕಿಕೊಂಡು ಒಮ್ಮೆ ಹೋಗಿದ್ದೆ. ಆ ಗಲ್ಲಿಯವರು ಹಿಂದಿನ ವರ್ಷವೇ ತೀರಿಹೋದಳೆಂದರು. ಸುಲೋಚನಾ ಸಿಸ್ಟರ್ ಬೀದರಿನಲ್ಲಿದ್ದಾರೆ, ಮಂಡಿ ನೋವು, ಉಳಿದಂತೆ ಗಟ್ಟಿ. ಸಾಬಣ್ಣ ಯಾದಗಿರಿ ಹತ್ತಿರದ ತನ್ನ ಊರಿನಲ್ಲಿದ್ದಾನೆ, ಕಟ್ಟಡದ ಕೆಲಸ ಬಿಟ್ಟಿದ್ದಾನೆ, ಫೋನು ಮಾಡಿದರೆ ಎತ್ತುತ್ತಾನೆ. ಇವರಿಬ್ಬರೂ ಕಣ್ಣಾರೆ ನೋಡಿದವರು, ಬದುಕಿದ್ದಾರೆ, ಬೇಕಾದವರು ಕೇಳಬಹುದು.